ಸಚಿವ ಸಂಪುಟದ ಕಡತ ಗೌಪ್ಯ ಅಂತ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಅರ್ಜಿ ತಿರಸ್ಕರಿಸಿದ್ದಾರೆ. ಸರ್ಕಾರಕ್ಕೆ ಈ ಗೌಪ್ಯತೆಯೇ ಬೇಡ ಅನ್ನುತ್ತೇನೆ ನಾನು. ಇನ್ನು ಹೈಕೋರ್ಟ್ ಒಂದೇ ದಾರಿಯಾ?

ನಿಮಗೆ ಬಂದಿರುವ ಹಿಂಬರಹ ನನಗೆ ಬಾಯಿಪಾಠ. 'ಕಲಂ 8(1)(ಐ) ಅಡಿ ಮಾಹಿತಿ ನೀಡಲು ಅವಕಾಶವಿಲ್ಲ.' ನಮ್ಮ ಬಡಾವಣೆಯ ಆಟದ ಮೈದಾನವನ್ನು ಒಂದು ಸಂಸ್ಥೆಗೆ ಕೊಡಲು ಸಂಪುಟ ಒಪ್ಪಿತ್ತು. ಯಾಕೆ ಅಂತ ತಿಳಿಯಲು 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಬೆಂಗಳೂರಿನ ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್‌ನಲ್ಲಿ ಅರ್ಜಿ ಕೊಟ್ಟು ಬಂದೆ.

ನಾನು ಎಡವಿದ್ದು ಆ ಅರ್ಜಿಯಲ್ಲೇ. 'ಸಂಪುಟ ಸಭೆಯಲ್ಲಿ ಯಾರು ಏನು ಹೇಳಿದರು, ಚರ್ಚೆಯ ಪ್ರತಿ ಕೊಡಿ' ಅಂತ ಕೇಳಿದ್ದೆ. ಮಂತ್ರಿಗಳು, ಕಾರ್ಯದರ್ಶಿಗಳು, ಅಧಿಕಾರಿಗಳು ನಡೆಸಿದ ಸಮಾಲೋಚನೆಯ ದಾಖಲೆಯೂ ಸೇರಿ ಸಂಪುಟದ ಕಾಗದಪತ್ರಗಳಿಗೆ ಆ ಕಲಂ ರಕ್ಷಣೆ ಕೊಡುತ್ತದೆ. ಆದರೆ ಅದರ ಕೆಳಗೇ ಒಂದು ಷರತ್ತಿದೆ. ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಆ ತೀರ್ಮಾನ, ಅದರ ಕಾರಣ, ಅದಕ್ಕೆ ಆಧಾರವಾದ ದಾಖಲೆ ಮೂರನ್ನೂ ಬಹಿರಂಗ ಮಾಡಬೇಕು (ಬೇರೆ ವಿನಾಯಿತಿ ಅಡ್ಡ ಬರದಿದ್ದರೆ). ನಾನು ಈ ಮೂರರಲ್ಲಿ ಒಂದನ್ನೂ ಕೇಳಿರಲಿಲ್ಲ! ಮೇಲ್ಮನವಿಯಲ್ಲೂ 'ಯಾರು ಏನು ಹೇಳಿದರು' ಅಂತಲೇ ಪಟ್ಟು ಹಿಡಿದೆ. ಅಷ್ಟರಲ್ಲಿ ಮೈದಾನದ ಸುತ್ತ ಕಾಂಪೌಂಡ್ ಎದ್ದಿತ್ತು.

ಆಮೇಲೆ ಸರ್ಕಾರಿ ಆದೇಶದ ಸಂಖ್ಯೆ, ದಿನಾಂಕ ಹಾಕಿ, ಆ ಮೂರನ್ನೇ ಕೇಳಿ ಹೊಸ ಅರ್ಜಿ ಕೊಟ್ಟೆ. ಸ್ಥಳ ಪರಿಶೀಲನೆ ವರದಿ ಸಿಕ್ಕಿತು. 'ಜಾಗ ಬಳಕೆಯಲ್ಲಿಲ್ಲ' ಅಂತ ಬರೆದಿದ್ದರು. ಅದಕ್ಕೆ ಅಂಟಿಸಿದ ಫೋಟೋದಲ್ಲೇ ಹುಲ್ಲು ಸವೆದ ಕ್ರಿಕೆಟ್ ಪಿಚ್ ಕಾಣುತ್ತಿತ್ತು.

ಹಾಗಂತ ಗೌಪ್ಯತೆಯೇ ಬೇಡ ಅನ್ನುವ ನಿಮ್ಮ ಮಾತು ನಾನು ಒಪ್ಪಲ್ಲ. ಮಂತ್ರಿಗೆ ಬೇಕಾದ ಪ್ರಸ್ತಾವದ ಮೇಲೆ 'ಇದು ಸರಿಯಲ್ಲ' ಅಂತ ಟಿಪ್ಪಣಿ ಬರೆಯುವ ಅಧಿಕಾರಿಗೆ ಆ ಹೊತ್ತಿನಲ್ಲಿ ಮರೆ ಬೇಕು. ತೀರ್ಮಾನ ಆದ ಮೇಲೆ ಕಾರಣ ತಿಳಿಯುವ ಹಕ್ಕು ನಮ್ಮದು.

ಹೈಕೋರ್ಟ್ ಈಗಲೇ ಬೇಡ. ಮಂತ್ರಿಗಳು ರಾಜ್ಯಪಾಲರಿಗೆ ಕೊಟ್ಟ ಸಲಹೆ ಏನು ಅಂತ ಕೋರ್ಟ್ ಕೆದಕುವಂತಿಲ್ಲ ಅನ್ನುತ್ತದೆ ಸಂವಿಧಾನದ 163(3)ನೇ ವಿಧಿ. ಆದರೆ ಸಲಹೆಗೆ ಆಧಾರವಾದ ದಾಖಲೆ ಸಲಹೆಯ ಭಾಗವಲ್ಲ ಅಂತ ಸುಪ್ರೀಂ ಕೋರ್ಟ್ 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಇದನ್ನೂ ಬರೆಯಿರಿ.

ನೀವು ಪೂರ್ತಿ ಕಡತ ಕೇಳಿದ್ದೀರಿ, ಅಲ್ವಾ? ಹಾಗಿದ್ದರೆ ಕಲಂ 10 ಹಿಡಿಯಿರಿ. ಕೊಡಬಾರದ ಭಾಗ ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು. ತಿರಸ್ಕರಿಸಿದ್ದು ಸರಿ ಅಂತ ತೋರಿಸುವ ಹೊಣೆ ಅಧಿಕಾರಿಯದು, ಕಲಂ 19(5) ನೋಡಿ. ಹಿಂಬರಹ ಕೈಸೇರಿ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಹೊಸ ಅರ್ಜಿ ಹಾಕುವುದಾದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಸಿಟ್ಟನ್ನೆಲ್ಲ ಅದರಲ್ಲಿ ತುಂಬಬೇಡಿ.