ಬೈದರೆ ಅಂಕ ಏರುತ್ತದೆಯೇ?

(ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ.)

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಅಲ್ಲಿ ಆರನೇ ತರಗತಿಗೆ ಸೀಟು ಸಿಗಲೆಂದು ಐದನೇ ಕ್ಲಾಸಿನ ಮಕ್ಕಳು ಕೋಚಿಂಗಿಗೆ ಹೋಗುತ್ತಾರೆ. ಅಂಥ ಒಬ್ಬ ಹುಡುಗನನ್ನು ಅವನ ಅಪ್ಪ ನನ್ನ ಬಳಿ ಸಲಹೆಗೆಂದು ಕರೆತಂದರು. ಬಟ್ಟೆ ವ್ಯಾಪಾರಿ. ಭಾನುವಾರ ಟೆಸ್ಟು ಎಂದರೆ ಶನಿವಾರ ರಾತ್ರಿಯೇ ಹುಡುಗನಿಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು.

ಹೊಡೆಯುತ್ತೀರಾ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ನೋಡ್ರಿ ಮೇಡಂ, 49 ತಂದಾಗ ಬೈದು ಎರಡು ಏಟು ಕೊಟ್ಟೆ. ಮುಂದಿನ ವಾರ 64 ಬಂತು. 81 ತಂದಾಗ ಹೊಗಳಿ ಪೇಡೆ ತಿನ್ನಿಸಿದೆ, 63ಕ್ಕ ಇಳಿದ. ಹೊಗಳಿದ್ರ ಕೆಡ್ತಾನ್ರಿ."

ಹನ್ನೊಂದು ವಾರದ ಅಂಕ ಬರೆಸಿದೆ. ಹೆಚ್ಚಿನವು 60ರಿಂದ 68ರ ಒಳಗೇ ಇದ್ದವು. ಅದು ಅವನ ಈಗಿನ ಮಟ್ಟ. 49 ಬಂದ ದಿನ ನಿದ್ದೆಗೆಟ್ಟಿರಬಹುದು, ಓದದ ಪಾಠವೇ ಬಂದಿರಬಹುದು. ಅಂಥ ದಿನ ವಾರವಾರ ಬರುವುದಿಲ್ಲ, ಅಲ್ವಾ? ಹಾಗಾಗಿ ತೀರಾ ಕೆಳಗೆ ಬಿದ್ದ ಅಂಕ ಸಾಮಾನ್ಯವಾಗಿ ತಾನಾಗಿಯೇ ಮೇಲೆ ಬರುತ್ತದೆ. 81 ಕೂಡ ಹಾಗೆಯೇ ಇಳಿಯುತ್ತದೆ. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನೇ ಎತ್ತರದ ವಿಷಯದಲ್ಲಿ ತೋರಿಸಿದ್ದ: ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರುವುದಿಲ್ಲ. ಪೇಡೆ ತಿಂದದ್ದಕ್ಕಂತೂ ಅಲ್ಲ.

ಆರು ಕವಡೆ ಕೊಟ್ಟೆ. ಬಾಯಿ ಮೇಲಾಗಿ ಒಂದೇ ಬಿದ್ದರೆ ಕವಡೆಗೆ ಬೈಯಬೇಕು, ಐದು ಬಿದ್ದರೆ ಶಹಬ್ಬಾಸ್ ಅನ್ನಬೇಕು. ಬೈದ ಮೇಲೆ ಬಹಳ ಸಲ ಏರಿತು, ಹೊಗಳಿದ ಮೇಲೆ ಇಳಿಯಿತು. ಹುಡುಗ ನಕ್ಕ. ಅಪ್ಪ ನಗಲಿಲ್ಲ. "ಕವಡೆಗೆ ಜೀವ ಇಲ್ರೀ."

ಮಾತು ಸರಿಯೇ. ಆಗ ಪಟ್ಟಿಯಲ್ಲಿದ್ದ ಒಂದು 52ರ ಬಗ್ಗೆ ಕೇಳಿದೆ. ಆ ವಾರ ಅವರು ಮಾಲು ತರಲು ಸೊಲ್ಲಾಪುರಕ್ಕೆ ಹೋಗಿದ್ದರಂತೆ, ಬೈಯುವವರು ಯಾರೂ ಇರಲಿಲ್ಲ. ಮುಂದಿನ ವಾರ 66! ಅವರು ಆ ಸಾಲನ್ನು ತುಂಬಾ ಹೊತ್ತು ನೋಡಿದರು.

ಒಂದು ವಾರದಿಂದ ಎಲ್ಲ ಸಾಬೀತಾಗುವುದಿಲ್ಲ ಎಂದೂ ಹೇಳಿದೆ. ಇನ್ನೊಂದು ಮಾತು: ಏಟಿನಿಂದ ಅಂಕ ಏರಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಆದರೆ ವ್ಯಾಪಾರಿಗೆ ಲೆಕ್ಕ ಬೇಕಿತ್ತು, ಲೆಕ್ಕವನ್ನೇ ಕೊಟ್ಟೆ.

ಸಲಹೆ ಇಷ್ಟೇ: ಎಂಟು ವಾರ ಕೈ ಎತ್ತಬೇಡಿ. ಒಂದೊಂದು ಟೆಸ್ಟಿಗೆ ಕುಣಿಯಬೇಡಿ, ನಾಲ್ಕರ ಸರಾಸರಿ ನೋಡಿ. ಅಂಕಕ್ಕಿಂತ ಮೊದಲು ಯಾವ ಲೆಕ್ಕ ತಪ್ಪಿದೆ ಎಂದು ಮಗನ ಜೊತೆ ಕೂತು ನೋಡಿ. ಚೆನ್ನಾಗಿ ಮಾಡಿದಾಗ ಹೊಗಳಿ, ಅದರಿಂದ ಏನೂ ಕೆಡುವುದಿಲ್ಲ.

ಮೂರನೇ ಭೇಟಿಗೆ ಅಂಗಡಿಯ ಉದ್ದನೆಯ ಪುಸ್ತಕ ತಂದಿದ್ದರು. 53ರ ಪಕ್ಕ ಪೆನ್ಸಿಲಿನಲ್ಲಿ 'ಬೈದಿಲ್ಲ' ಎಂದಿತ್ತು. ಕೆಳಗಿನ ಸಾಲಿನಲ್ಲಿ 65.