ಗೋದಲಿಯಲ್ಲಿ ಮಗು ಯಾಕಿಲ್ಲ?
ದಾವಣಗೆರೆಯ ನಿಟುವಳ್ಳಿಯಲ್ಲಿ ಪಕ್ಕದ ಮನೆಯವರು ಗೋದಲಿ (ಕ್ರಿಸ್‌ಮಸ್‌ಗೆ ಕಟ್ಟುವ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ ಬಾಲಯೇಸುವನ್ನೇ ಇಟ್ಟಿಲ್ಲ, ಮರೆತರಾ ಅಂತ ಕೇಳಿದ್ದೀರಿ. ಮರೆತಿಲ್ಲ ಸರ್. ಆ ಗೊಂಬೆ ಇಡೋದು ಡಿಸೆಂಬರ್ 24ರ ರಾತ್ರಿ. ಅಲ್ಲಿವರೆಗೆ ಕಾಯುವ ಕಾಲ, ಮೇವಿನ ತೊಟ್ಟಿ ಖಾಲಿ. ಮಗುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಗೊಂಬೆಗಳು ಹತ್ತಿರ ಬರೋದು ಜನವರಿ 6ಕ್ಕೆ.

ಗೋದಲಿಯನ್ನು ಜನಪ್ರಿಯ ಮಾಡಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಒಣಹುಲ್ಲು, ಜೀವಂತ ಎತ್ತು, ಕತ್ತೆ ಇಟ್ಟು ಬಲಿಪೂಜೆ (ಚರ್ಚ್‌ನ ಮುಖ್ಯ ಆರಾಧನೆ) ಏರ್ಪಡಿಸಿದರು. ತಮಾಷೆ ಅಂದ್ರೆ, ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಸುವಾರ್ತೆಗಳ ಜನನದ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದದ್ದು ಬೈಬಲಿನ ಹಳೆ ಒಡಂಬಡಿಕೆಯ ಯೆಶಾಯ ಗ್ರಂಥದ 1:3ರಿಂದ.

ಮಕ್ಕಳಿಗಾಗಿ ನೀವೂ ಕಟ್ಟೋದಾದ್ರೆ, ಹಸಿರು ಹುಲ್ಲಿಗಾಗಿ ರಾಗಿ ಒಂದು ರಾತ್ರಿ ನೆನೆಸಿ ಡಿಸೆಂಬರ್ 15ರ ಹೊತ್ತಿಗೆ ತಟ್ಟೆಯ ಮಣ್ಣಲ್ಲಿ ಬಿತ್ತಿ. ನೀರು ಚಿಮುಕಿಸಿದರೆ ಸಾಕು, ನಿಂತರೆ ಬೂಷ್ಟು ಹಿಡಿಯುತ್ತೆ. ಭತ್ತದ ಹುಲ್ಲಿನ ಪಕ್ಕ ಮೇಣದಬತ್ತಿ ಮಾತ್ರ ಬೇಡ, ಎಲ್‌ಇಡಿ ಸರ ಹಾಕಿ.