ಮೊದಲ ಪುಸ್ತಕದ ಕರಾರಿಗೆ ಸಹಿ ಹಾಕುವ ಮುಂಚೆ

ಪ್ರಶ್ನೆ: ನನ್ನ ಮೊದಲ ಕಥಾಸಂಕಲನಕ್ಕೆ ಪ್ರಕಾಶಕರು ಕರಾರುಪತ್ರ ಕಳಿಸಿದ್ದಾರೆ. ‘ಎಲ್ಲ ಹಕ್ಕುಗಳೂ ಪ್ರಕಾಶಕರಿಗೆ, ರಾಯಲ್ಟಿ ಶೇ. 10’ ಎಂದಷ್ಟೇ ಇದೆ. ಸಹಿ ಹಾಕಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಈಗಲೇ ಬೇಡ. ಶೇ. 10 ಯಾವುದರ ಮೇಲೆ ಎಂದು ಮೊದಲು ಕೇಳಿ. 200 ರೂಪಾಯಿ ಮುಖಬೆಲೆಯ 500 ಪ್ರತಿ ಮಾರಾಟವಾದರೆ, ಮುಖಬೆಲೆಯ ಲೆಕ್ಕದಲ್ಲಿ ನಿಮಗೆ ಸಿಗುವುದು 10,000 ರೂಪಾಯಿ. ಅಂಗಡಿಯವರಿಗೆ ಕೊಡುವ ರಿಯಾಯಿತಿ, ಶೇ. 40 ಅಂದುಕೊಳ್ಳಿ, ಕಳೆದು ಉಳಿದದ್ದರ ಮೇಲೆ ಎಂದರೆ ಬರೀ 6,000. ‘ಮುಖಬೆಲೆಯ ಮೇಲೆ, ವರ್ಷಕ್ಕೊಮ್ಮೆ ಮಾರಾಟದ ಲೆಕ್ಕದ ಸಮೇತ’ ಎಂದು ಬರೆಸಿ.

‘ಎಲ್ಲ ಹಕ್ಕುಗಳೂ’ ಎಂಬುದನ್ನು ಹೊಡೆದುಹಾಕಿಸಲೇಬೇಕು. ಅನುವಾದ, ಆಡಿಯೊ, ಇ-ಪುಸ್ತಕ, ಸಿನಿಮಾ ಎಲ್ಲವೂ ಅದರಲ್ಲೇ ಹೋಗಿಬಿಡುತ್ತವೆ. ಕನ್ನಡದ ಮುದ್ರಿತ ಆವೃತ್ತಿಗೆ ಮಾತ್ರ ಹಕ್ಕು ಕೊಡಿ. ಎಷ್ಟು ಪ್ರತಿ ಎಂಬುದೂ, ಮರುಮುದ್ರಣಕ್ಕೆ ನಿಮ್ಮ ಒಪ್ಪಿಗೆ ಬೇಕೆಂಬುದೂ ಇರಲಿ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಲೆಕ್ಕ. ಆದರೆ ‘ಶಾಶ್ವತವಾಗಿ’ ಎಂಬ ಒಂದು ಪದ ಸೇರಿದರೆ ಈ ರಕ್ಷಣೆ ಸಿಗದು, ಆದ್ದರಿಂದ ಸಣ್ಣ ಅಕ್ಷರವನ್ನೂ ಬಿಡದೆ ಓದಿ. ತಿದ್ದಿದ ಕಡೆಯೆಲ್ಲ ಇಬ್ಬರ ಸಹಿಯೂ ಬೀಳಲಿ, ಒಂದು ಮೂಲಪ್ರತಿ ನಿಮ್ಮ ಬಳಿ ಇರಲಿ.